ನಾಲ್ಕು ಮೂಲೆಯ ಅರಿಶಿನ

ಆ ಕವರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದವಳು ನಾನೇ, ಅಮ್ಮ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ವಿಷಯ ಕೇಳಿದವರೆಲ್ಲ ಇಂಥ ಕೆಲಸ ಮನೆಯ ಹಿರಿಯರದ್ದೇ ಇರಬೇಕು ಎಂದುಕೊಂಡು ನನ್ನ ಕಡೆ ಅನುಕಂಪದಿಂದ ನೋಡುತ್ತಾರೆ. ಆ ಅನುಕಂಪ ನನಗೆ ಸಲ್ಲುವುದಿಲ್ಲ.

2012ರ ಡಿಸೆಂಬರ್. ಆಕ್ಲೆಂಡಿನ ಒನೆಹುಂಗಾದಲ್ಲಿ ಒಂದೇ ಗೋಡೆಗೆ ಅಂಟಿಕೊಂಡ ಎರಡು ಪುಟ್ಟ ಮನೆಗಳು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಈಜಿಪ್ಟಿನಿಂದ ಬಂದ ಅವಳು. ಅವಳು ಕೈರೋದಲ್ಲಿ ಫಾರ್ಮಸಿಸ್ಟ್ ಆಗಿದ್ದವಳು. ಇಲ್ಲಿನ ಪರೀಕ್ಷೆ ಪಾಸಾಗುವವರೆಗೆ ಎಂದು ಒಂದು ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವ ಕೆಲಸ ಹಿಡಿದಿದ್ದಳು. ನಮ್ಮ ಪರಿಚಯವಾದದ್ದೇ ಕುಕ್ಕರಿನಿಂದ. ನಾನು ಮನೆಗೆ ಬಂದ ಮೊದಲ ವಾರ ಬೇಳೆ ಇಟ್ಟಿದ್ದೆ. ಕುಕ್ಕರಿನ ಮೂರನೆಯ ಕೂಗಿಗೆ ಅವಳು ಗ್ಯಾಸ್ ಸೋರುತ್ತಿದೆ ಎಂದು ಬರಿಗಾಲಲ್ಲಿ ಓಡಿಬಂದು ನನ್ನ ಬಾಗಿಲು ಬಡಿದಳು. ಅವತ್ತು ಇಬ್ಬರೂ ಸಾರು ಅನ್ನ ಉಂಡೆವು. ಅವಳ ಇಂಗ್ಲಿಷಿಗೆ ಅರಬ್ಬಿಯ ಧಾಟಿ, ನನ್ನದಕ್ಕೆ ಮೈಸೂರಿನ ಧಾಟಿ. ಇಲ್ಲಿ ಅವಳ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳ ದೇಶದಲ್ಲಿ ಹಳೆಯ ಆಳ್ವಿಕೆ ಬಿದ್ದು ಎರಡು ವರ್ಷವೂ ಆಗಿರಲಿಲ್ಲ. ಮೂವತ್ತನಾಲ್ಕು ವರ್ಷದ ಅವಳು ಜೀವನದಲ್ಲಿ ಮೊದಲ ಸಲ ಓಟು ಹಾಕಿದ್ದು ಒನೆಹುಂಗಾದಲ್ಲಿ ಕುಳಿತು, ಅಂಚೆಯಲ್ಲಿ. ಆ ದಿನ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಳು. ನಾನೋ, ಮೈಸೂರಿನಲ್ಲಿ ಚುನಾವಣೆಯೆಂದರೆ ಒಂದು ರಜೆ ಎಂದುಕೊಂಡು ಮಲಗಿದವಳು. ಇಲ್ಲಿಯೂ ಕಾಯಂ ನೆಲೆಸಿದವಳೆಂದು ಹಿಂದಿನ ವರ್ಷ ನನಗೆ ಓಟಿನ ಹಕ್ಕಿತ್ತು. ಮಳೆ ಬರುತ್ತಿದೆಯೆಂದು ಹೋಗಿರಲಿಲ್ಲ. ಇದು ಗೊತ್ತಾದಾಗ ಅವಳು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಅತಿಯಾಯಿತು ಇವಳದ್ದು ಎಂದು ನನಗೂ ಸಿಟ್ಟು ಬಂದಿತ್ತು.

ಅವಳಿಗೊಬ್ಬ ತಮ್ಮ, ಕೈರೋದಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟರು. ಭಾನುವಾರ ಅವಳ ಲ್ಯಾಪ್‌ಟಾಪಿನಲ್ಲಿ ಅವನ ಮುಖ ಕಾಣುತ್ತಿತ್ತು. ಅಕ್ಟೋಬರಿನಲ್ಲಿ ನನ್ನ ಅಮ್ಮ ಮೂರು ತಿಂಗಳಿಗೆಂದು ಬಂದ ಮೇಲೆ ಅಮ್ಮನೂ ಆ ಪರದೆಯ ಮುಂದೆ ಹೋಗಿ ಕೂರುವುದು ವಾಡಿಕೆಯಾಯಿತು. ನಾನು ಹೇಳಿಕೊಟ್ಟಿದ್ದರಿಂದ ಅವನು 'ಅಮ್ಮಾ, ಊಟ ಆಯ್ತಾ?' ಎನ್ನುತ್ತಿದ್ದ. ಅಮ್ಮನಿಗೆ ಅಷ್ಟೇ ಸಾಕಾಗಿತ್ತು. ಅವನಿಗೆ ತಿಳಿಯದ ಕನ್ನಡದಲ್ಲಿ ಹುರುಳಿಕಾಯಿ ಪಲ್ಯದಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲ ಹೇಳುತ್ತಿದ್ದಳು. ಅವನು ತಲೆಯಾಡಿಸುತ್ತ ಕೇಳುತ್ತಿದ್ದ.

ಅಷ್ಟರಲ್ಲಿ ಕೈರೋದಲ್ಲಿ ಮತ್ತೆ ಬೀದಿ ಬಿಸಿಯಾಯಿತು. ಚುನಾವಣೆಯಲ್ಲಿ ಗೆದ್ದು ಬಂದ ಅಧ್ಯಕ್ಷ ಯಾರೂ ಪ್ರಶ್ನೆ ಮಾಡಲಾಗದಂಥ ಅಧಿಕಾರವನ್ನು ತನಗೆ ತಾನೇ ಕೊಟ್ಟುಕೊಂಡ. ಸಂವಿಧಾನ ಬರೆಯುವ ಸಭೆಯಿಂದ ಬಹಳ ಜನ ಎದ್ದು ಹೋದರು. ಉಳಿದವರು ಅವಸರದಲ್ಲಿ ಬರೆದು ಮುಗಿಸಿ, ಒಪ್ಪುತ್ತೀರೋ ಇಲ್ಲವೋ ಎಂದು ಜನರ ಮುಂದೆ ಇಟ್ಟರು. ಅವಳ ತಮ್ಮ ಒಪ್ಪದವರ ಗುಂಪಿನಲ್ಲಿದ್ದ. ಅಧ್ಯಕ್ಷನ ಅರಮನೆಯ ಎದುರು ಎರಡು ಕಡೆಯವರೂ ಕಲ್ಲು ದೊಣ್ಣೆ ಹಿಡಿದು ಬಡಿದಾಡಿದ ದಿನ ಅವನ ತಲೆಗೆ ಏಟು ಬಿತ್ತು.

ಆಸ್ಪತ್ರೆಯಿಂದ ಒಂದೇ ಸಲ ಅಕ್ಕನ ಹತ್ತಿರ ಮಾತಾಡಿದ. 'ಓಟಿನ ದಿನದ ಹೊತ್ತಿಗೆ ನಾನು ಏಳೋ ಹಾಗೆ ಕಾಣ್ಸಲ್ಲ. ನಿನ್ನ ಓಟನ್ನ ನನ್ನದು ಅಂತ ಹಾಕು. ಒಪ್ಪಲ್ಲ ಅಂತ ಹಾಕು' ಎಂದನಂತೆ. ಆಮೇಲೆ ಅವನಿಗೆ ಎಚ್ಚರ ಇರುವುದೂ ಇಲ್ಲದಿರುವುದೂ ಒಂದೇ ಆಯಿತು. ಅವಳಿಗೆ ಆ ಕ್ಷಣವೇ ವಿಮಾನ ಹತ್ತುವ ಆಸೆ. ಆದರೆ ವೀಸಾ ನವೀಕರಣಕ್ಕೆಂದು ಪಾಸ್‌ಪೋರ್ಟ್ ಕೊಟ್ಟಿದ್ದಳು, ಅದು ಇನ್ನೂ ಕೈಗೆ ಬಂದಿರಲಿಲ್ಲ. ಹೀಗಾಗಿ ತಮ್ಮನಿಗಾಗಿ ಅವಳು ಮಾಡಬಹುದಾದದ್ದು ಅಂತ ಉಳಿದದ್ದು ಆ ಓಟು ಒಂದೇ.

ಮತಪತ್ರವನ್ನು ಕಂಪ್ಯೂಟರಿನಿಂದ ಇಳಿಸಿಕೊಂಡು ಮುದ್ರಿಸಿ, ಗುರುತು ಹಾಕಿ, ವೆಲ್ಲಿಂಗ್ಟನ್ನಿನಲ್ಲಿದ್ದ ಅವರ ದೇಶದ ಕಚೇರಿಗೆ ಕಳಿಸಬೇಕಿತ್ತು. ಪ್ರಿಂಟರ್ ಇದ್ದದ್ದು ನನ್ನ ಮನೆಯಲ್ಲಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಂದು ನಮ್ಮ ಊಟದ ಮೇಜಿನ ಮೇಲೆ ಅಂಗೈ ಅಡ್ಡ ಹಿಡಿದು ಗುರುತು ಹಾಕಿದಳು. ಅದನ್ನು ತೆಳುವಾದ ಬಿಳಿ ಕವರಿನಲ್ಲಿಟ್ಟು ಅಂಟಿಸಿದಳು. ಆ ಕವರು ಇನ್ನೊಂದು ದೊಡ್ಡ ಕವರಿನೊಳಗೆ ಹೋಗಬೇಕು. ಜೊತೆಗೆ ಅವಳ ಗುರುತಿನ ಚೀಟಿಯ ನಕಲು ಇರಬೇಕು. ನಕಲು ತೆಗೆಸಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಚೀಟಿಯನ್ನು ನನ್ನ ಕೈಗಿಟ್ಟು, 'ನಿನ್ನ ಆಫೀಸಲ್ಲಿ ಕಾಪಿ ತೆಗೆದು, ಎಲ್ಲ ಸೇರಿಸಿ ಕೊರಿಯರ್ ಮಾಡ್ತೀಯಾ? ಒಳಗಿನ ಕವರ್ ಮೇಲೆ ಮಾತ್ರ ಏನೂ ಬರೀಬಾರದು, ನೆನಪಿರಲಿ' ಎಂದಳು. ಹೂಂ ಎಂದೆ.

ಅಮ್ಮ ಆಗಷ್ಟೇ ಪೂಜೆ ಮುಗಿಸಿದ್ದಳು. ನಮ್ಮ ದೇವರ ಮನೆ ಎಂದರೆ ಅಡುಗೆಮನೆಯ ಮೇಲಿನ ಒಂದು ಕಪಾಟು. 'ಆ ಮಗೂದು ಕಾಗದ ಅಲ್ವೇನೆ, ದೇವ್ರ ಮುಂದೆ ಒಂದ್ನಿಮಿಷ ಇಟ್ಟು ತೊಗೊಂಡ್ಹೋಗು' ಎಂದಳು. ಅವಳು ಹೇಳಿದ್ದು ಅಷ್ಟೇ. ಬಟ್ಟಲಲ್ಲಿ ಅರಿಶಿನ ಕಲಸಿದ್ದು ಇತ್ತು. ನಮ್ಮ ಮನೆಯಿಂದ ಹೊರಟ ಯಾವ ಮುಖ್ಯ ಕಾಗದವೂ ಬರಿ ಮೂಲೆಯಲ್ಲಿ ಹೋದದ್ದಿಲ್ಲ. ನನ್ನ ಅಕ್ಕನ ಮದುವೆಯ ಕರೆಯೋಲೆ, ಅಪ್ಪನ ಪಿಂಚಣಿ ಅರ್ಜಿ, ಕೊನೆಗೆ ನಾನು ಈ ದೇಶದಲ್ಲಿ ನೆಲೆಸಲು ಹಾಕಿದ ಅರ್ಜಿಯ ಕವರೂ ಹಾಗೇ ಹೋಗಿತ್ತು. ಇದನ್ನೆಲ್ಲ ಗೇಲಿ ಮಾಡುವವಳು ನಾನು. ಆದರೂ ಕೈ ತಾನಾಗಿ ಬಟ್ಟಲಿಗೆ ಹೋಯಿತು. ಹೊರಗಿನ ಕವರಿಗೆ ಹಚ್ಚಿದ್ದರೂ ಆಗುತ್ತಿತ್ತು! ಅವನ ಓಟು ಇದ್ದದ್ದು ಒಳಗಿನದರಲ್ಲಿ, ಅದಕ್ಕೇ ಹಚ್ಚಿದೆ. ನಾಲ್ಕು ಮೂಲೆಗೂ ಅರಿಶಿನ, ಅದರ ಮೇಲೆ ಒಂದೊಂದು ಕುಂಕುಮದ ಬೊಟ್ಟು. ಬರೆಯಬಾರದು ಎಂದಿದ್ದಳು, ನಾನು ಏನೂ ಬರೆದಿರಲಿಲ್ಲವಲ್ಲ.

ಆಫೀಸಿನಲ್ಲಿ ನನ್ನ ಕೆಲಸ ಕಟ್ಟಡದ ನಕ್ಷೆಗಳನ್ನು ಪರೀಕ್ಷಿಸುವುದು. ಎಲ್ಲಾದರೂ ಅರ್ಥವಿಲ್ಲದ ಒಂದು ಗೆರೆ ಕಂಡರೆ ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದೆ. ಅಂಥವಳು ಹಳದಿ ಇನ್ನೂ ಹಸಿಯಾಗಿದ್ದ ಕವರನ್ನು ದೊಡ್ಡ ಕವರಿಗೆ ತುಂಬಿ, ನಕಲು ಸೇರಿಸಿ, ಊಟದ ಬಿಡುವಿನಲ್ಲಿ ಕೊರಿಯರ್ ಮಾಡಿ, ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಸ್ಯಾಂಡ್‌ವಿಚ್ ತಿಂದೆ.

ಮೂರನೆಯ ದಿನ ಸಂಜೆ ಅವಳಿಗೆ ವೆಲ್ಲಿಂಗ್ಟನ್ನಿನ ಕಚೇರಿಯಿಂದ ಫೋನ್ ಬಂತು. ಅವಳು ನಮ್ಮ ಮನೆಯಲ್ಲೇ ಇದ್ದಳು. ಒಳಗಿನ ಕವರಿನ ಮೂಲೆಗಳಲ್ಲಿ ಹಳದಿ, ಕೆಂಪು ಗುರುತುಗಳಿವೆ, ಬಣ್ಣ ಒಳಗಿನ ಕಾಗದಕ್ಕೂ ಇಳಿದಿದೆ. ಗುರುತಿರುವ ಮತ ಯಾರದ್ದೆಂದು ಗೊತ್ತಾಗಿಬಿಡುತ್ತದೆ, ಆದ್ದರಿಂದ ಪೆಟ್ಟಿಗೆಗೆ ಹಾಕುವಂತಿಲ್ಲ. ನಾಳೆ ಸಂಜೆ ಐದರೊಳಗೆ ಖುದ್ದಾಗಿ ಬಂದರೆ ಬೇರೆ ಪತ್ರ ಕೊಡುತ್ತೇವೆ. ಆ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರಂತೆ. ಫೋನ್ ಇಟ್ಟು ಅವಳು, 'ಹಳದಿ ಎಲ್ಲಿಂದ ಬಂತು? ಕೊರಿಯರಿನವರು ಏನಾದ್ರೂ ಚೆಲ್ಲಿದ್ರಾ?' ಎಂದಳು. ನಾನು ಗೊತ್ತಿಲ್ಲ ಎನ್ನುವ ಹಾಗೆ ಭುಜ ಹಾರಿಸಿದೆ. ಅವಳು ಹೋದ ಮೇಲೆ ಅಮ್ಮ ನನ್ನನ್ನೇ ನೋಡುತ್ತ, 'ಹೇಳ್ಬಿಡೆ. ಇಂಥದ್ದು ಮುಚ್ಚಿಟ್ರೆ ಅನ್ನ ಸೇರತ್ತಾ ನಿಂಗೆ?' ಎಂದಳು. ಸೇರಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ವಾರ, ವಿಮಾನದಲ್ಲಿ ಸೀಟು ಸಿಗಲಿಲ್ಲ. ಮರುದಿನ ಬೆಳಗಿನ ಐದಕ್ಕೆ ನನ್ನ ಕಾರಿನಲ್ಲಿ ವೆಲ್ಲಿಂಗ್ಟನ್ನಿಗೆ ಹೊರಟೆವು. ಎಂಟೊಂಬತ್ತು ಗಂಟೆಯ ದಾರಿ, ನಿಲ್ಲದೆ ಹೋದರೆ ಮೂರಕ್ಕೆ ಮುಂಚೆ ತಲುಪಬಹುದು. ಅಮ್ಮ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಟೌಪೋ ಸರೋವರದ ಹತ್ತಿರ ಪೆಟ್ರೋಲ್ ಹಾಕಿಸಿ ಮತ್ತೆ ಕಾರು ಹತ್ತಿದಾಗ ಹೇಳಿದೆ.

'ಆ ಬಣ್ಣ ನಾನು ಹಚ್ಚಿದ್ದು. ನಮ್ಮಲ್ಲಿ ಮುಖ್ಯವಾದ ಕಾಗದಕ್ಕೆ ಹಚ್ತೀವಿ. ಒಳ್ಳೇದಾಗ್ಲಿ ಅಂತ.'

ಅವಳು ಬೈದುಬಿಡಲಿ ಎಂದು ಕಾಯುತ್ತಿದ್ದೆ.

'ಹಚ್ಚುವಾಗ ಏನಂತ ಕೇಳ್ಕೊಂಡೆ? ನಾವು ಗೆಲ್ಲಲಿ ಅಂತಾನಾ?'

'ಇಲ್ಲ. ಅವನು ಎದ್ದು ಕೂರ್ಲಿ ಅಂತ.'

ಅವಳು ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. 'ಸರಿ ಬಿಡು. ಮೂರು ಗಂಟೆಗೆ ಇಬ್ಬರೂ ಸೇರಿ ಸರಿ ಮಾಡೋಣ' ಎಂದಳು. ಆಮೇಲೆ ಚಿತ್ರಾನ್ನದ ಡಬ್ಬ ತೆಗೆದು ನನಗೂ ಒಂದೊಂದು ತುತ್ತು ಕೊಡುತ್ತ ಬಂದಳು. ಆ ದಾರಿಯಲ್ಲಿ ನನ್ನ ಮನಸ್ಸು ಹಗುರಾದಷ್ಟು ಬೇರೆ ಯಾವತ್ತೂ ಆದದ್ದಿಲ್ಲ.

ಟೌಪೋ ದಾಟಿ ದಕ್ಷಿಣಕ್ಕೆ ಹೋದರೆ ಬೋಳು ಬಯಲಿನ ರಸ್ತೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಬಯಲು ಮುಗಿದು ಊರು ಬಂದ ಕೂಡಲೇ ಅವಳ ಫೋನು ಮೇಲಿಂದ ಮೇಲೆ ಬಡಿದುಕೊಳ್ಳತೊಡಗಿತು. ಕೈರೋದ ಮನೆಯಿಂದ ಏಳು ಸಲ ಕರೆ ಬಂದಿತ್ತು. ನಾನು ರಸ್ತೆ ಬದಿಗೆ ಕಾರು ನಿಲ್ಲಿಸಿದೆ. ಅವಳು ತಿರುಗಿ ಫೋನ್ ಮಾಡಿದಳು. ಆ ಕಡೆಯಿಂದ ಅವಳ ತಾಯಿಯ ಕೂಗು ನನಗೂ ಕೇಳಿಸಿತು. ಆ ಭಾಷೆ ನನಗೆ ಬರುವುದಿಲ್ಲ, ಆದರೂ ತಿಳಿಯಿತು.

ಅಲ್ಲೇ ಎಷ್ಟು ಹೊತ್ತು ಕುಳಿತೆವೋ. ಅವಳು ಅಳುತ್ತಲೂ ಇರಲಿಲ್ಲ. ನಾನು ಗಡಿಯಾರ ನೋಡಿದೆ. ಹೌದು, ನೋಡಿದೆ, ಆ ನಾಚಿಕೆ ಇವತ್ತಿಗೂ ಹೋಗಿಲ್ಲ. ಈಗ ಹೊರಟರೂ ಐದರೊಳಗೆ ತಲುಪಬಹುದಿತ್ತು. 'ಮುಂದಕ್ಕೆ ಹೋಗೋಣ್ವಾ?' ಎಂದು ಕೇಳಿದೆ.

'ಓಟು ಪೆಟ್ಟಿಗೆಗೆ ಬಿದ್ದ ಮೇಲೆ ಅವನಿಗೆ ಹೇಳೋಣ ಅಂತಿದ್ದೆ' ಎಂದಳು. 'ಇನ್ನು ಯಾರಿಗೆ ಹೇಳಲಿ? ಮನೆಗೆ ಹೋಗೋಣ.'

ಕಾರು ತಿರುಗಿಸಿದೆ. ಬಂದ ಬಯಲಿನಲ್ಲೇ ವಾಪಸ್ ಬಂದೆವು. ನಾನು ಹಚ್ಚದೇ ಇದ್ದಿದ್ದರೆ ಆ ಓಟು ಎರಡು ದಿನ ಮೊದಲೇ ಪೆಟ್ಟಿಗೆಯಲ್ಲಿರುತ್ತಿತ್ತು. ಅವನ ಕಿವಿಯ ಹತ್ತಿರ ಯಾರಾದರೂ ಫೋನ್ ಹಿಡಿದಿರುತ್ತಿದ್ದರು, ಅವಳು ಹೇಳಿರುತ್ತಿದ್ದಳು, ಅವನಿಗೆ ಕೇಳಿಸುತ್ತಿತ್ತೋ ಏನೋ. ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕುತ್ತ ಬಂದೆ. ಮನೆಯಲ್ಲಿ ಅಮ್ಮ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ಕೂತಳು. ಅವಳು ಅತ್ತದ್ದು ಆಗ.

ಆ ಸಂವಿಧಾನವನ್ನು ಜನ ಒಪ್ಪಿದರು, ದೊಡ್ಡ ಅಂತರದಲ್ಲೇ. ಆರೇಳು ತಿಂಗಳಿಗೆ ಸೇನೆ ಅಧ್ಯಕ್ಷನನ್ನು ಇಳಿಸಿ ಅದನ್ನೂ ಬದಿಗೆ ತಳ್ಳಿತು. ಆ ಡಿಸೆಂಬರಿಗೆ ಒಂದು ವರ್ಷ ತುಂಬಿದ ಮೇಲೆ ಇನ್ನೊಂದು ಬರೆದು ಮತ್ತೆ ಮತಕ್ಕೆ ಇಟ್ಟರು. ಈ ಸಲ ಅಂಚೆ ಇಲ್ಲ, ಖುದ್ದಾಗಿಯೇ ಹೋಗಬೇಕು. ನಾನು ಅವಳನ್ನೂ ಕೇಳದೆ, ವೆಲ್ಲಿಂಗ್ಟನ್ನಿಗೆ ಕರೆದೊಯ್ಯಲೆಂದು ಒಂದು ದಿನ ರಜೆ ಹಾಕಿದ್ದೆ. ಅವಳ ಕೆಲಸ ಮುಗಿದ ಮೇಲೆ ವೃದ್ಧಾಶ್ರಮದ ಬಾಗಿಲಿನಿಂದ ಅವಳನ್ನು ಕಾರಿನಲ್ಲಿ ಹತ್ತಿಸಿಕೊಂಡು ವಿಷಯ ತೆಗೆದೆ. ಅವಳು ಬರುವುದಿಲ್ಲ ಎಂದಳು. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ. ಒಂದು ವರ್ಷದಿಂದ ನನ್ನ ಎದೆಯ ಮೇಲೆ ಕೂತಿದ್ದ ಭಾರ ಇಳಿಸಿಕೊಳ್ಳುವ ಆಸೆ, ಸಮಾಧಾನ ಹೇಳುವ ನೆಪ.

'ನೋಡು, ಅವತ್ತಿನ ಸಂವಿಧಾನವೇ ಈಗ ಕಸದ ಬುಟ್ಟಿ ಸೇರಿದೆ. ಆ ಓಟುಗಳೂ ಅದರ ಜೊತೆಗೇ ಹೋದವು. ಅವನದು ಪೆಟ್ಟಿಗೆಗೆ ಬಿದ್ದಿದ್ರೂ ಅಷ್ಟೇ ಆಗಿರ್ತಿತ್ತು.'

ಸಿಗ್ನಲ್ಲಿನಲ್ಲಿ ಹಸಿರು ಬಂದರೂ ನಾನು ಕಾರು ಬಿಟ್ಟಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

'ಕಸಕ್ಕೆ ಹೋದರೆ ಹೋಗಲಿ' ಎಂದಳು. 'ಎಲ್ಲರದ್ದರ ಜೊತೆ ಅವನದೂ ಹೋಗಬೇಕಿತ್ತು.'