ನಾಲ್ಕು ಗಂಟೆಯ ಅಕ್ಕ

ಬಸ್ಸಿನ ಡ್ರೈವರ್ ಅವನಿಗೆ ರೇಡಿಯೋ ಅಂತ ಹೆಸರಿಟ್ಟಿದ್ದ. ಬೆಳಿಗ್ಗೆ ಬಸ್ಸು ಹೊರಟಾಗ ಬಾಯಿ ತೆರೆದರೆ ಸಂಜೆ ಪ್ರವಾಸಿಗರನ್ನು ಹೋಟೆಲಿಗೆ ಇಳಿಸುವವರೆಗೆ ಮುಚ್ಚುವ ಜಾಯಮಾನ ಅವನದಲ್ಲ. ಮಾತಾಡುವುದೇ ಅವನ ಕಸುಬು. ಹಾಳುಬಿದ್ದ ಹಳೆಯ ಪಟ್ಟಣದಲ್ಲಿ ಜನರಿಗೆ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ, ಒಂದು ಕಲ್ಲನ್ನೂ ಎಡವದೆ, ರಾಜ ರಾಣಿಯರ ಸಮಾಚಾರವನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ರಾಣಿಯ ಸ್ನಾನದ ಕೊಳ ಎಂದು ಅವನು ತೋರಿಸುತ್ತಿದ್ದ ಗುಂಡಿ ಕಾಳು ತುಂಬುವ ಹಗೇವು ಎಂದು ಅಗೆದವರು ಬೋರ್ಡು ಬರೆಸಿ ನಿಲ್ಲಿಸಿದ್ದರು. ರೇಡಿಯೋ ಸರಿಯಾಗಿ ಆ ಬೋರ್ಡಿನ ಮುಂದೆಯೇ ನಿಂತು ಮಾತಾಡುತ್ತಿದ್ದ. ದುಡ್ಡು ಕೊಟ್ಟು ಅಷ್ಟು ದೂರದಿಂದ ಬಂದವರಿಗೆ ಕಾಳಿನ ಗುಂಡಿ ತೋರಿಸಿ ಕಳಿಸುವುದು ಯಾವ ನ್ಯಾಯ ಎಂಬುದು ಅವನ ವಾದ.

ಇಡೀ ದಿನದ ಪ್ರವಾಸ ಅದು. ಮಧ್ಯಾಹ್ನದವರೆಗೆ ಮುರಿದ ಕೋಟೆ, ತಲೆಯಿಲ್ಲದ ವಿಗ್ರಹಗಳು, ಕಂಬಗಳ ಮಂಟಪ. ಆಮೇಲೆ ಊಟ. ಊಟವಾಗಿ ಎಲ್ಲರೂ ತೂಕಡಿಸುವ ಹೊತ್ತಿಗೆ ಬಸ್ಸು ಹಳ್ಳಿಯ ದಾರಿ ಹಿಡಿಯುತ್ತಿತ್ತು. ಕಂಪನಿಯ ಕಾಗದದಲ್ಲಿ ಅದಕ್ಕೆ ‘ಹಳ್ಳಿಯ ಬದುಕು’ ಎಂದು ಹೆಸರು. ನಾಲ್ಕು ಗಂಟೆಗೆ ಸರಿಯಾಗಿ ಬಸ್ಸು ಒಂದು ಹುಲ್ಲುಚಾವಣಿಯ ಮನೆಯ ಮುಂದೆ ನಿಲ್ಲುತ್ತಿತ್ತು. ಅಂಗಳದಲ್ಲಿ ಬೀಸುವ ಕಲ್ಲಿನ ಮುಂದೆ ಒಬ್ಬ ಹೆಂಗಸು ಕೂತಿರುತ್ತಿದ್ದಳು.

ಆ ಹೆಂಗಸು ರೇಡಿಯೋನ ಅಕ್ಕ, ಒಡಹುಟ್ಟಿದವಳು.

ಹುಲ್ಲು ಕಂಪನಿಯದು, ಅದರ ಕೆಳಗಿರುವುದು ತಗಡು. ಹಸು ಪಕ್ಕದ ಮನೆಯದು, ನಾಲ್ಕಕ್ಕೆ ಬಂದು ಐದಕ್ಕೆ ಹೋಗುತ್ತದೆ. ಅಕ್ಕನ ಗ್ಯಾಸ್ ಒಲೆ, ಟೀವಿ, ಮಿಕ್ಸಿ ಎಲ್ಲ ಒಳಕೋಣೆಯಲ್ಲಿ ಒಂದು ಪರದೆಯ ಹಿಂದೆ ಅಡಗಿರುತ್ತಿದ್ದವು. ಬಸ್ಸಿನ ಹಾರ್ನ್ ಕೇಳಿಸಿದರೆ ಅವಳು ಟೀವಿ ಆರಿಸಿ, ಕಂಪನಿ ಕೊಟ್ಟ ಒರಟು ಬಟ್ಟೆ ಮೇಲೆ ಹೊದ್ದು ಹೊರಗೆ ಓಡಿಬರುವಳು. ಮುಂಚೆ ಈ ಕೆಲಸಕ್ಕಿದ್ದ ಮುದುಕಿ ತೀರಿಕೊಂಡಾಗ ರೇಡಿಯೋ ಮ್ಯಾನೇಜರನ ಮುಂದೆ ನಿಂತು, “ಊರಲ್ಲಿ ಒಬ್ಬಳು ಇದಾಳೆ ಸಾರ್, ದಿಕ್ಕಿಲ್ಲದೋಳು” ಎಂದಿದ್ದ. ನಿಜ ಹೇಳುವಂತಿರಲಿಲ್ಲ. ಹಿಂದೊಬ್ಬ ಗೈಡು ಪ್ರತಿದಿನ ಬಸ್ಸನ್ನು ತನ್ನ ಭಾವಮೈದುನನ ಅಂಗಡಿಗೇ ನುಗ್ಗಿಸಿದ ಮೇಲೆ ಕಂಪನಿ ಕಟ್ಟುನಿಟ್ಟು ಮಾಡಿತ್ತು. ದಾರಿಯ ಯಾವ ಮನೆಯಲ್ಲೂ ಗೈಡಿನ ನೆಂಟರು ಇರಕೂಡದು, ಇದ್ದರೆ ಇಬ್ಬರಿಗೂ ಕೆಲಸವಿಲ್ಲ.

ಅಕ್ಕನಿಗೆ ಅವನು ಇದರಲ್ಲಿ ಅರ್ಧ ಮಾತ್ರ ಹೇಳಿದ್ದ.

“ಮ್ಯಾನೇಜರ್ ಬಂದಾಗ ನನ್ನ ತಮ್ಮ ಅನ್ನಬೇಡ ಅಕ್ಕ.”

“ಬಸ್ಸಿನೋರಿಗೆ ಹೇಳ್ತೀಯೋ ಇಲ್ವೋ?”

“ಅವರು ಇವತ್ತು ಬಂದು ನಾಳೆ ಹೋಗೋ ಜನ. ಅವರಿಗೆ ಹೇಳದೇ ಇರ್ತೀನಾ?”

ಅಷ್ಟು ಸಾಕಾಗಿತ್ತು ಅವಳಿಗೆ. ಅವ್ವ ಸತ್ತಾಗ ಇವನಿನ್ನೂ ತೊದಲುತ್ತಿದ್ದ. ಹೊಟ್ಟೆಬಟ್ಟೆ ಕಟ್ಟಿ ಸಾಕಿದವಳು ಅವಳೇ. ಹಾಳು ಪಟ್ಟಣವನ್ನು ಅಗೆದು ತೆಗೆಯುತ್ತಿದ್ದ ಕಾಲ ಅದು. ಅವಳು ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಮೂಟೆಮೂಟೆ ಮಣ್ಣನ್ನು ಹೊರಗೆ ಸುರಿದಿದ್ದಳು. ಆ ಕೂಲಿಯಲ್ಲೇ ಇವನು ಪ್ರವಾಸಿಗರ ಭಾಷೆ ಕಲಿತ. ಮದುವೆ ತಡವಾಗಿ ಆಯಿತು, ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಇವೆಲ್ಲ ಅವಳಿಗೆ ದೊಡ್ಡ ದುಃಖವಾಗಿ ಉಳಿದಿರಲಿಲ್ಲ. ತಮ್ಮ ನಾಲ್ಕು ಜನರ ಮುಂದೆ ನಿಂತು ಮಾತಾಡುವಂತಾದನಲ್ಲ, ಅದೊಂದು ಹೆಮ್ಮೆ ಎಲ್ಲವನ್ನೂ ಮುಚ್ಚಿಹಾಕಿತ್ತು.

ಅವನ ಹೆಂಡತಿಗೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ. ಅದರಿಂದ ಅಕ್ಕ ತಮ್ಮ ಮಾತಾಡಬೇಕೆಂದರೆ ನಾಲ್ಕು ಗಂಟೆಗೆ, ಅಂಗಳದಲ್ಲಿ, ನಲವತ್ತು ಜನರ ಮುಂದೆಯೇ ಆಗಬೇಕು. ಅದಕ್ಕೊಂದು ಉಪಾಯ ತಾನಾಗಿಯೇ ಹುಟ್ಟಿಕೊಂಡಿತ್ತು. ಅಕ್ಕ ಕಲ್ಲು ತಿರುಗಿಸುತ್ತಾ ತನಗೆ ಬೇಕಾದ್ದು ಮಾತಾಡುವಳು. ತಮ್ಮ ಅದನ್ನು ತನಗೆ ಬೇಕಾದ ಹಾಗೆ ಪ್ರವಾಸಿಗರಿಗೆ ತಿಳಿಸುವನು.

“ಏನೋ ಮರಿ, ಶರ್ಟಿನ ಗುಂಡಿ ಕಿತ್ತುಹೋಗಿ ನಿನ್ನೆಯಿಂದ ಹಾಗೇ ಇದೆಯಲ್ಲೋ. ನಿನ್ನ ಹೆಂಡ್ತಿ ಕೈಗೆ ಸೂಜಿ ಏನು ಚುಚ್ಚಿಬಿಡುತ್ತಾ?”

ರೇಡಿಯೋ ಜನರ ಕಡೆ ತಿರುಗಿ, “ಈ ಕಲ್ಲು ಇವಳ ಮುತ್ತಜ್ಜಿಯದಂತೆ. ಇದರ ಸದ್ದು ಕೇಳದಿದ್ದರೆ ಇವಳಿಗೆ ನಿದ್ದೆ ಬರುವುದಿಲ್ಲವಂತೆ” ಎನ್ನುವನು.

“ಆ ಟೋಪಿಯೋನಿಗೆ ಹಸುವಿನ ಹಿಂದೆ ನಿಲ್ಲಬೇಡ ಅನ್ನು. ಒದೆಸ್ಕೊಂಡು ಸತ್ತಾನು.”

“ಟೋಪಿ ಹಾಕಿದ ಮಹನೀಯರ ಮುಖದಲ್ಲಿ ರಾಜಕಳೆ ಇದೆ ಎನ್ನುತ್ತಿದ್ದಾಳೆ.”

ರಾಜಕಳೆಯವನು ಹಿಗ್ಗಿ ಹಸುವಿನ ಹಿಂದೆಯೇ ಫೋಟೋಗೆ ನಿಲ್ಲುವನು. ಡ್ರೈವರ್ ಗೇಟಿನ ಆಚೆ ಬಿದ್ದುಬಿದ್ದು ನಗುವನು. ಒಂದು ನಾಟಕದೊಳಗೆ ಇನ್ನೊಂದು ಸಂಸಾರ ನಡೆಯುತ್ತಿತ್ತು, ಇಬ್ಬರಿಗೂ ಅದು ಖುಷಿಯೇ. ಜನ ಬಸ್ಸು ಹತ್ತುವಾಗ ಅಕ್ಕ ಮೆಲ್ಲಗೆ ಕೇಳುವಳು, “ನನ್ನ ವಿಷಯ ಹೇಳಿದ್ಯಾ?”

“ಹೇಳಿದೆ ಅಕ್ಕ.”

ಹೇಳಿರುತ್ತಿದ್ದ, ನಿಜ. ಏನು ಹೇಳಿರುತ್ತಿದ್ದ ಎಂಬುದು ಬೇರೆ ಮಾತು. ಬಸ್ಸು ಹಳ್ಳಿ ಸೇರುವ ಮೊದಲು ಮೈಕು ಹಿಡಿದು, ಸ್ವರ ತಗ್ಗಿಸಿ, ನೀವು ಈಗ ನೋಡಲಿರುವ ಹೆಂಗಸಿಗೆ ಈ ಲೋಕದಲ್ಲಿ ಯಾರೂ ಇಲ್ಲ ಎಂದು ಶುರುಮಾಡುತ್ತಿದ್ದ. ಗಂಡನಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ, ನಮ್ಮ ಕಂಪನಿಯೇ ಅವಳಿಗೆ ತಾಯಿತಂದೆ. ನೆಂಟಸ್ತಿಕೆ ಮುಚ್ಚಿಡಲು ಸುಮ್ಮನಿದ್ದರೆ ಸಾಕಿತ್ತು. ಆದರೆ ಒಂದು ಸಲ ಬಾಯಿಗೆ ಬಂದ ಹಾಗೆ ಹೇಳಿನೋಡಿದ, ಬಸ್ಸಿನ ತೂಕಡಿಕೆ ಹಾರಿಹೋಯಿತು, ನಾಲ್ಕಾರು ಜನ ಕಣ್ಣೊರೆಸಿಕೊಂಡರು. ಬಾಯಿಯ ಮೇಲೆ ಬದುಕುವವನಿಗೆ ಅದಕ್ಕಿಂತ ದೊಡ್ಡ ಚಟ ಇಲ್ಲ. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಬಸ್ಸಿಳಿದ ಹೆಂಗಸರು ನೇರ ಹೋಗಿ ಅಕ್ಕನನ್ನು ಅಪ್ಪಿಕೊಳ್ಳುತ್ತಿದ್ದರು. ಕೆಲವರು ಅವಳ ಕೆನ್ನೆ ಸವರುತ್ತಿದ್ದರು. ಅಕ್ಕ ಸಂಜೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: “ಎಂಥಾ ಒಳ್ಳೆ ಜನ ಅಂತೀಯ. ತಮ್ಮನ್ನ ಸಾಕಿದ್ದೀನಿ ಅಂತ ಕೇಳಿ ಕಣ್ಣಲ್ಲಿ ನೀರು ಹಾಕ್ಕೋತಾರೆ.”

ಆ ದಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಗಂಡನ ಜೊತೆ ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ಬೆಳಗಿನಿಂದ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಒಮ್ಮೆ ಎದುರಿನ ಲಾರಿಯವನಿಗೆ ಡ್ರೈವರ್ ನಮ್ಮ ಭಾಷೆಯಲ್ಲಿ ಕೆಟ್ಟದಾಗಿ ಬೈದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ರೇಡಿಯೋ ಅದನ್ನು ನೋಡಿಯೂ ತಲೆಗೆ ಹಾಕಿಕೊಳ್ಳಲಿಲ್ಲ. ಬೈಗುಳ ಯಾವ ಭಾಷೆಯದಾದರೂ ಮುಖ ನೋಡಿದರೆ ತಿಳಿಯುತ್ತದಲ್ಲ. ಮೈಕು ಹಿಡಿದು ಎಂದಿನಂತೆ ಯಾರೂ ಇಲ್ಲದವಳ ಕಥೆ ಹೇಳಿದ. ಅವತ್ತು ಗಂಟಲೂ ಚೆನ್ನಾಗಿತ್ತು. ಕಥೆ ರಂಗೇರಿತು.

ನಾಲ್ಕಕ್ಕೆ ಬಸ್ಸು ನಿಂತಿತು. ಕೋಲು ಹಿಡಿದ ಮುದುಕರೊಬ್ಬರನ್ನು ಕೈಹಿಡಿದು ಇಳಿಸುವುದರಲ್ಲಿ ರೇಡಿಯೋ ಹಿಂದೆ ಉಳಿದ. ಗೇಟಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನ ಹೆಂಗಸು ಅಕ್ಕನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದಳು. ಇಬ್ಬರ ತುಟಿಗಳೂ ಅಲ್ಲಾಡುತ್ತಿದ್ದವು. ಇಬ್ಬರೂ ಒಂದೇ ಭಾಷೆ ಮಾತಾಡುತ್ತಿದ್ದರು.

“ನಮ್ಮಮ್ಮ ಈ ಕಡೆಯೋರೇ ಅಮ್ಮ. ಅದಕ್ಕೇ ನಂಗೆ ಮಾತು ಬರುತ್ತೆ” ಎನ್ನುತ್ತಿದ್ದಳು ಆ ಹೆಂಗಸು. “ಗೈಡು ಬಸ್ಸಲ್ಲಿ ನಿಮ್ಮ ವಿಷಯ ಎಲ್ಲಾ ಹೇಳಿದ್ರು.”

ಅಕ್ಕನ ಮುಖ ಅರಳಿತು. “ಹೇಳಿದ್ನಾ? ದಿನಾ ಹೇಳ್ತಾನಮ್ಮ.”

“ಕೇಳಿ ಕರುಳು ಕಿವುಚಿದ ಹಾಗಾಯ್ತು. ಗಂಡ ಇಲ್ಲ, ಮಕ್ಕಳಿಲ್ಲ, ಅಕ್ಕತಂಗಿ ಅಣ್ಣತಮ್ಮ ಅಂತ ಒಬ್ಬರೂ ಇಲ್ವಂತೆ. ಕಂಪನಿಯೋರು ದಯೆ ತೋರಿಸದಿದ್ರೆ ಬೀದೀಲಿ ಬೇಡ್ತಿದ್ರಿ ಅಂದ್ರು. ಹೇಗಮ್ಮ ಬದುಕ್ತೀರಿ ಒಬ್ಬರೇ?”

ಬೇಡ್ತಿದ್ರಿ ಅನ್ನುವುದು ರೇಡಿಯೋ ಆ ದಿನ ಹೊಸದಾಗಿ ಸೇರಿಸಿದ್ದು.

ಅಕ್ಕನ ಇನ್ನೊಂದು ಕೈ ಕಲ್ಲಿನ ಗೂಟದ ಮೇಲೆ ಹಾಗೇ ನಿಂತಿತು. ಅವಳು ತಲೆಯೆತ್ತಿ ಗೇಟಿನಲ್ಲಿ ನಿಂತ ತಮ್ಮನನ್ನು ನೋಡಿದಳು. ನನ್ನ ತಮ್ಮನೇ ಇವನು ಎಂದು ಅವಳು ಒಂದು ಮಾತು ಆಡಿದರೆ ಆ ಹೆಂಗಸು ಗಂಡನಿಗೆ ಹೇಳುವಳು, ಗಂಡ ಬಸ್ಸಿಗೆ ಹೇಳುವನು, ನಾಳೆ ಬೆಳಗಾಗುವಷ್ಟರಲ್ಲಿ ಕಂಪನಿಗೆ ಮುಟ್ಟುವುದು. ರೇಡಿಯೋಗೆ ಕಾಣಿಸಿದ್ದು ಅಷ್ಟೇ, ತನ್ನ ಕೆಲಸ. ನಾಚಿಕೆಯಾಗಬೇಕಾದ ಹೊತ್ತಿನಲ್ಲೂ ಅವನಿಗೆ ಮೊದಲು ಆದದ್ದು ಹೆದರಿಕೆ.

ಅಕ್ಕ ಕಣ್ಣು ಕೆಳಗಿಳಿಸಿದಳು.

“ಹೌದಮ್ಮ. ಅವರು ಹೇಳಿದ್ದು ಸರಿ. ಯಾರೂ ಇಲ್ಲ.”

ಆ ಹೆಂಗಸು ಬಿಕ್ಕಿ ಅವಳನ್ನು ತಬ್ಬಿಕೊಂಡಳು. ಅಕ್ಕ ಅವಳ ಬೆನ್ನು ತಟ್ಟುತ್ತಾ ಸಮಾಧಾನ ಮಾಡಿದಳು.

ಆಮೇಲೆ ಪ್ರದರ್ಶನ ನಡೆಯಲೇಬೇಕಿತ್ತು, ನಡೆಯಿತು. “ಇದು ಬೀಸೋ ಕಲ್ಲು. ಇದರಲ್ಲಿ ಹಿಟ್ಟು ಬೀಸ್ತೀವಿ” ಎಂದಳು ಅಕ್ಕ. ಭಾಷೆ ಬಲ್ಲವಳು ಎದುರಿಗೇ ಕೂತಿದ್ದಳು. ರೇಡಿಯೋ ಇದು ಬೀಸುವ ಕಲ್ಲು, ಇದರಲ್ಲಿ ಹಿಟ್ಟು ಬೀಸುತ್ತಾರೆ ಎಂದ. ಆ ಹೆಂಗಸು ಗಂಡನ ಕಡೆ ನೋಡಿ, ಸರಿಯಾಗಿ ಹೇಳಿದ ಎಂಬಂತೆ ತಲೆಯಾಡಿಸಿದಳು.

ಎಲ್ಲರನ್ನೂ ಹೋಟೆಲಿಗೆ ಮುಟ್ಟಿಸಿ, ಡ್ರೈವರನ ಬೈಕು ಇಸಿದುಕೊಂಡು ರೇಡಿಯೋ ಹಿಂದಕ್ಕೆ ಓಡಿಬಂದ. ಅಕ್ಕ ಗ್ಯಾಸ್ ಒಲೆಯ ಮುಂದೆ ನಿಂತಿದ್ದಳು. ಟೀವಿ ಹಾಕಿರಲಿಲ್ಲ. ಅವನನ್ನು ನೋಡಿ ಪ್ರವಾಸಿಗರಿಗಾಗಿ ಇಟ್ಟಿದ್ದ ಸ್ಟೂಲನ್ನು ಮುಂದಕ್ಕೆ ಸರಿಸಿದಳು. ಅವನು ಯಾವತ್ತೂ ಅಲ್ಲಿ ಸ್ಟೂಲಿನ ಮೇಲೆ ಕೂತವನಲ್ಲ.

“ಕಂಪನಿ ರೂಲು ಅಕ್ಕ. ಗೊತ್ತಾದ್ರೆ ಇಬ್ಬರನ್ನೂ ತೆಗೀತಾರೆ. ಹೇಳೋ ಹಾಗಿರಲಿಲ್ಲ.”

“ಹೇಳಬೇಡ ಅಂತಾರೆ, ಸರಿ. ಸುಮ್ನಿರೋಕೆ ಆಗ್ತಿರಲಿಲ್ವಾ?”

ಅವನು ಸ್ಟೂಲನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತ.

“ಬೀದೀಲಿ ಬೇಡ್ತಿದ್ಲು ಅನ್ನೋದೂ ರೂಲಾ?”

“ಜನಕ್ಕೆ… ಜನಕ್ಕೆ ಅದು ಹಿಡಿಸುತ್ತೆ ಅಕ್ಕ. ಮನಸ್ಸು ಕರಗುತ್ತೆ. ನಿನ್ನ ಮೇಲೂ ಪ್ರೀತಿ ತೋರಿಸ್ತಾರಲ್ಲ.”

“ಅಪ್ಪಿಕೊಂಡಾಗೆಲ್ಲಾ ನಾನು ಹಲ್ಲು ಕಿರಿದೆ” ಎಂದಳು ಅಕ್ಕ. “ಎಷ್ಟು ಜನರ ಮುಂದೆ ಕಿರಿದೆನೋ. ಇದೇನಪ್ಪ, ದಿಕ್ಕಿಲ್ಲದೋಳು ಇಷ್ಟು ನಗ್ತಾಳಲ್ಲ ಅಂದ್ಕೊಂಡಿರ್ತಾರೆ.”

ಅವಳು ಅತ್ತಿದ್ದರೆ, ಕೈಗೆ ಸಿಕ್ಕಿದ್ದು ಎತ್ತಿ ಎಸೆದಿದ್ದರೆ ಅವನು ಕಾಲು ಹಿಡಿಯುತ್ತಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಟೀ ಸೋಸಿ ಲೋಟ ಕೈಗೆ ಕೊಟ್ಟು, ಕುಡಿದು ಹೊರಡು, ಬೈಕಿನೋನು ಕಾಯ್ತಿರ್ತಾನೆ ಎಂದಳು.

ಮಾರನೆಯ ದಿನದಿಂದ ಅಕ್ಕ ಕೆಲಸಕ್ಕೆ ತಕ್ಕ ಮಾತು ಮಾತ್ರ ಆಡತೊಡಗಿದಳು. ಬಸ್ಸಿನಲ್ಲಿ ಭಾಷೆ ಬಲ್ಲವರು ಯಾರೂ ಇರಲಿಲ್ಲ. ಹೇಗೆ ಬೇಕಾದರೂ ಬೈಯಬಹುದಿತ್ತು. ಬೈಯಲಿ ಎಂದು ಅವನು ಬಾಯಿ ಬಾಯಿ ಬಿಟ್ಟುಕೊಂಡು ಕಾದ. ಇದು ಬೀಸೋ ಕಲ್ಲು. ಇದು ನೀರಿನ ಮಡಕೆ. ಇದು ಹಸು. ಪ್ರತಿಯೊಂದನ್ನೂ ಇದ್ದದ್ದು ಇದ್ದ ಹಾಗೆ ಅನುವಾದಿಸಬೇಕಾಗಿ ಬಂದು ಅವನ ನಾಲಿಗೆಗೆ ತುಕ್ಕು ಹಿಡಿಯಿತು. ಮೈಕಿನಲ್ಲಿ ಹಳೆಯ ಕಥೆ ಹೇಳುವುದನ್ನು ಅವನೇ ನಿಲ್ಲಿಸಿದ. ಜನ ತೂಕಡಿಸುತ್ತಲೇ ಬಸ್ಸಿಳಿಯುತ್ತಿದ್ದರು. ಯಾರೂ ಅಕ್ಕನನ್ನು ಅಪ್ಪಿಕೊಳ್ಳುತ್ತಿರಲಿಲ್ಲ.

ಮಳೆಗಾಲ ಮುಗಿದು ಹೊಸ ಹಂಗಾಮು ಶುರುವಾದ ಮೊದಲ ವಾರ, ಒಬ್ಬ ಯುವತಿ ಅಂಗಳದಲ್ಲಿ ಕೇಳಿದಳು, “ಇವರು ಒಬ್ಬರೇ ಇರುತ್ತಾರಾ? ಇವರಿಗೆ ಯಾರಿದ್ದಾರೆ, ಕೇಳಿ.”

ರೇಡಿಯೋ ಅಕ್ಕನಿಗೆ ಅದನ್ನು ಹೇಳಿದ. ಅಕ್ಕ ಕಲ್ಲು ನಿಲ್ಲಿಸಲಿಲ್ಲ. “ದಿನಾ ಹೇಳೋದು ನೀನೇ ತಾನೇ. ಹೇಳು.”

ಅವನಿಗೆ ಏನಾಯಿತೋ, ಕೆಲಸ ಹೋದರೆ ಹೋಗಲಿ ಎನ್ನಿಸಿಬಿಟ್ಟಿತು. ತಲೆಯ ಮೇಲಿದ್ದ ಗೈಡಿನ ಟೋಪಿ ತೆಗೆದ. ನಲವತ್ತು ಜನರ ಮುಂದೆ, ಅಕ್ಕನಿಗೆ ತಿಳಿಯದ ಅವರ ಭಾಷೆಯಲ್ಲಿ, “ಇವಳಿಗೆ ನಾನಿದ್ದೇನೆ. ಇವಳು ನನ್ನ ಅಕ್ಕ. ಮಣ್ಣು ಹೊತ್ತು ನನ್ನನ್ನು ಸಾಕಿದವಳು” ಎಂದ.

ಜನ ಒಬ್ಬರ ಮುಖ ಒಬ್ಬರು ನೋಡಿ ಮುಗುಳ್ನಕ್ಕರು. “ಎಷ್ಟು ಚೆಂದ!” ಎಂದಳು ಯುವತಿ. “ಇಲ್ಲಿಯವರು ಹಿರಿಯ ಹೆಂಗಸರನ್ನೆಲ್ಲ ಅಕ್ಕ ಅಂತಲೇ ಕರೆಯುತ್ತಾರಂತೆ, ನಾನು ಓದಿದ್ದೆ.” ಹಿಂದೆ ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಇಲ್ಲ, ನಿಜವಾಗಿಯೂ ಒಡಹುಟ್ಟಿದವಳು ಎಂದು ಅವನು ಮತ್ತೆ ಹೇಳಿದ. ಅವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಬೆಳಗಿನಿಂದ ಅವನ ಕಥೆಗಳನ್ನು ಕೇಳಿದವರು ಅವರು, ಇದೂ ಅಂಥದ್ದೇ ಎಂದುಕೊಂಡರು.

ಜನ ಬಸ್ಸು ಹತ್ತುವಾಗ ಅವನು ಅಕ್ಕನ ಪಕ್ಕ ಬಗ್ಗಿ ನಿಂತ.

“ಇವತ್ತು ನಿಜವಾಗ್ಲೂ ನಿನ್ನ ವಿಷಯ ಹೇಳಿದೆ ಅಕ್ಕ.”

ಅಕ್ಕ ಹಿಟ್ಟನ್ನು ಮೊರಕ್ಕೆ ಗುಡಿಸಿಕೊಳ್ಳುತ್ತಿದ್ದಳು. “ಹೇಳಿರ್ತೀಯ ಬಿಡು” ಎಂದಳು. “ಎಲ್ರೂ ನಗ್ತಾ ಇದ್ರಲ್ಲ.”