ವನಮಾಲಾಳ ಗೋಲಿ ಸೋಡಾ

ಹಿರಿಯಣ್ಣ ಕೆಟ್ಟವನಲ್ಲ. ಆದರೆ ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಳ್ಳುವುದು ಮಾತ್ರ ಆ ಪುಣ್ಯಾತ್ಮನಿಂದ ಆಗದು. ಮೈಸೂರು ಬಿಟ್ಟು ಬಂದು ಮುಂಬಯಿಯ ದಹಿಸರಿನ ಚಾಳಿನಲ್ಲಿ ಸಂಸಾರ ಹೂಡಿದ ಗುಮಾಸ್ತ, ಲೋಕಲ್ ರೈಲಿನಲ್ಲಿ ನೇತಾಡುತ್ತಲೂ ಜನರನ್ನು ನಗಿಸುವವನು.

ಅವನ ಹೆಂಡತಿ ವನಮಾಲಾ, ತಾಯಿ ತೀರಿಕೊಂಡ ಮೇಲೆ ಮಂಕು ಹಿಡಿದು ಗೋಡೆ ನೋಡುತ್ತ ಕೂತುಬಿಟ್ಟಳು. ದಾದರಿನ ಮನೋವೈದ್ಯೆ ಕೊಟ್ಟ ಮಾತ್ರೆಯಿಂದ ಬಾಯಿ ಸದಾ ಒಣಗುತ್ತಿತ್ತು, ನಿಜ. ಆದರೂ ೧೯೮೬ರ ಹೊತ್ತಿಗೆ ಒಗ್ಗರಣೆ ಹಾಕುತ್ತ ಹಾಡಿಕೊಳ್ಳುವಷ್ಟಾದಳು. ಮಗು ಬೇಕೆಂದಳು. ಅದಕ್ಕೆ ಮೊದಲು ಮಾತ್ರೆ ಬಿಡಬೇಕಿತ್ತು.

"ಆತಾ ಗೋಳಿ ಹಳೂಹಳೂ ಸೋಡಾ," ಎಂದರು ಡಾಕ್ಟರು. ಇನ್ನು ಮಾತ್ರೆಯನ್ನು ಮೆಲ್ಲಮೆಲ್ಲಗೆ ಬಿಡಿ ಎಂದು. ಗೋಳಿ ಎಂದರೆ ಮಾತ್ರೆ, ಸೋಡಾ ಎಂದರೆ ಬಿಡಿ. ತರಕಾರಿ ಕೊಳ್ಳುವಷ್ಟೇ ಬರುತ್ತಿದ್ದ ಇವರ ಮರಾಠಿಗೆ ಅಷ್ಟು ಸಿಕ್ಕಿತು.

"ಏ ವನೂ, ಗೋಲಿ ಸೋಡಾ ಕುಡೀಬೇಕಂತೆ ಕಣೆ!" ಎಂದ ಪಕ್ಕದಲ್ಲಿ ಕೂತಿದ್ದ ಹಿರಿಯಣ್ಣ.

ವನಮಾಲಾ ಕಿಸಕ್ಕನೆ ನಕ್ಕಳು. ಡಾಕ್ಟರು ಅರ್ಧ, ಕಾಲು ಎಂದು ವಿವರಿಸುವಾಗ ಇಬ್ಬರೂ ನಗು ತಡೆದುಕೊಳ್ಳುವುದರಲ್ಲೇ ಇದ್ದರು. ಮನೆಗೆ ಬರುವಷ್ಟರಲ್ಲಿ ಗೋಲಿ ನೆನಪಿತ್ತು, ಸೋಡಾ ನೆನಪಿತ್ತು, ಹಳೂಹಳೂ ಮರೆತೇಹೋಗಿತ್ತು. ಉಳಿದ ಮಾತ್ರೆಗಳನ್ನು ಖುಷಿಯಿಂದ ಮೋರಿಗೆ ಸುರಿದರು.

ವನಮಾಲಾಳಿಗೆ ವಾಂತಿ, ಬೆವರು, ನಡುಕ ಶುರುವಾಯಿತು. ಫ್ಲೂ ಇರಬೇಕೆಂದುಕೊಂಡರು. ಕಣ್ಣು ಮುಚ್ಚಿದರೆ ಸತ್ತ ತಾಯಿ ಬಾಗಿಲು ಬಡಿಯುತ್ತಿದ್ದಳು. ಆಮೇಲೆ ಗೋಡೆ ನೋಡುವುದೂ ಮರಳಿ ಬಂತು, ಮೊದಲಿಗಿಂತ ಕೆಟ್ಟದಾಗಿ. ರೈಲು ಹಳಿಯ ಪಕ್ಕ ಸುಮ್ಮನೆ ನಿಂತಿದ್ದವಳನ್ನು ನೆರೆಮನೆಯ ಮೋಹಿನಿ ಕೈಹಿಡಿದು ಕರೆತಂದಳು.

ಡಾಕ್ಟರು ಹಣೆ ಚಚ್ಚಿಕೊಂಡರು. ಒಮ್ಮೆಗೇ ಬಿಟ್ಟಿದ್ದಕ್ಕೆ ಹೀಗಾಯಿತು. ಮತ್ತೆ ಶುರುಮಾಡಿ, ಚೇತರಿಸಿಕೊಂಡ ಮೇಲೆ ತಿಂಗಳುಗಟ್ಟಲೆ ಇಷ್ಟಿಷ್ಟೇ ಇಳಿಸಿದರೆ ಖಂಡಿತ ಬಿಡಬಹುದು ಎಂದು ಈ ಸಲ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹಿರಿಯಣ್ಣ ಒಂದೊಂದು ಮಾತನ್ನೂ ತಿರುಗಿ ಒಪ್ಪಿಸಿದ.

ಮರುವರ್ಷ ಮಾತ್ರೆ ಇಳಿಸುವ ಹೊತ್ತು ಬಂತು. ಹಿರಿಯಣ್ಣ ಅಡಕತ್ತರಿಯಲ್ಲಿ ಮಾತ್ರೆಯನ್ನು ಎರಡು ಹೋಳು ಮಾಡಿ, ಒಂದನ್ನು ಅವಳ ಅಂಗೈಗಿಟ್ಟ. ವನಮಾಲಾ ಇನ್ನೊಂದನ್ನೂ ಎತ್ತಿಕೊಂಡು, ಎರಡನ್ನೂ ನುಂಗಿ ನೀರು ಕುಡಿದಳು.

"ಮಗು ಬೇಡ್ವೇನೆ?"

"ಬೇಕೂರೀ. ಆದ್ರೆ ಆ ಹಳಿ ಹತ್ರ ಇನ್ನೊಂದ್ಸಲ ನಿಲ್ಲಲಾರೆ."

"ಹಳೂಹಳೂ ಬಿಡೋಣ ಕಣೆ," ಎಂದ ಹಿರಿಯಣ್ಣ, ಅಳು ತಡೆದುಕೊಂಡು.

ವನಮಾಲಾ ಲೋಟ ತೊಳೆದು ಬೋರಲಿಟ್ಟಳು. "ಆ ಮಾತು ಅವತ್ತು ಕೇಳಿಸ್ಬೇಕಿತ್ತು ಕಣ್ರೀ."