ಬೋರಲು ಬಿದ್ದ ಬೆಟ್ಟ

ಹೋದ ವಾರ ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಮನೆಯ ಗೋಡೆಯ ಮೇಲೆ ಪೇಂಟರ್ ಒಬ್ಬ ಪಕ್ಕದ ಓಣಿಯ ಹಿಟ್ಟಿನ ಗಿರಣಿಯ ಹೆಸರು ಬರೆಯುತ್ತಿದ್ದ. ಹಳದಿ ಬಣ್ಣದ ವಾಸನೆ ಅಡುಗೆಮನೆಯವರೆಗೂ ಬಂದಿತ್ತು. "ಅಕ್ಕಾ, ಬಾಣದ ಗುರುತು ಯಾ ಕಡಿಗೆ ಹಾಕ್ಲಿ?" ಎಂದು ಕೇಳಿದ. ಎಡಕ್ಕೆ ಎಂದೆ, ಬಲಕ್ಕೆ ಎಂದೆ, ಕೊನೆಗೆ ಒಳಗೆ ಹೋಗಿ ಕುಳಿತುಬಿಟ್ಟೆ. ಗಿರಣಿ ಎಲ್ಲಿದೆಯೆಂದು ಗೊತ್ತಿಲ್ಲವೆಂದಲ್ಲ; ವಾರಕ್ಕೊಮ್ಮೆ ಜೋಳ ಹೊತ್ತು ಹೋಗುತ್ತೇನೆ. ಆದರೆ ಹಳದಿ ಬಣ್ಣ, ಬಾಣ ಎರಡೂ ಒಟ್ಟಿಗೆ ಕಂಡರೆ ನನಗೆ ದಿಕ್ಕೇ ತಪ್ಪುತ್ತದೆ. ಯಾಕೆಂದು ನಿಮಗೆ ಹೇಳಬೇಕು.

ಮದುವೆಗೆ ಮುಂಚೆ ನಾನು ಸಂಡೂರಿನ ಒಂದು ಗಣಿಯ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಗುಡ್ಡಕ್ಕೆ ಬೋರ್ ಕೊರೆದಾಗ ಕೊಳವೆಯೊಳಗೆ ಕಲ್ಲು ಉದ್ದುದ್ದ ಕೋಲಾಗಿ ಬರುತ್ತದೆ. ಅದಕ್ಕೆ ಕೋರ್ ಎನ್ನುತ್ತಾರೆ. ಅದರ ತುಂಡುಗಳನ್ನು ಬಾಕ್ಸಿನಲ್ಲಿ ಸಾಲಾಗಿ ಜೋಡಿಸಿ, ಗುಡ್ಡದೊಳಗೆ ಯಾವ ತುದಿ ಮೇಲಿತ್ತೋ ಆ ಕಡೆಗೆ ಹಳದಿ ಬಣ್ಣದಲ್ಲಿ ಬಾಣ ಬರೆಯುವುದು ನನ್ನ ಕೆಲಸ. ಕುಪ್ಪಸದ ಒಳಹೊರಗು ನೋಡದೆ ತೊಟ್ಟು ಬಸ್ಸು ಹತ್ತುತ್ತಿದ್ದವಳಿಗೆ ಈ ಕೆಲಸ ಕೊಟ್ಟವರ ಧೈರ್ಯ ಮೆಚ್ಚಬೇಕು.

ಆ ಬಾಣಗಳನ್ನು ನಂಬಿ ಕಲ್ಲು ಓದುತ್ತಿದ್ದವರು ಭೂವಿಜ್ಞಾನಿ, ನಾವೆಲ್ಲ ಕರೆಯುತ್ತಿದ್ದಂತೆ 'ಕಂಪ್ಲಿ ಸರ್'. ಕಂಪ್ಲಿಯ ಅಕ್ಕಿ ಗಿರಣಿಯ ಮನೆತನ. ಅಣ್ಣತಮ್ಮಂದಿರು ಭತ್ತ ಹಿಡಿದರೆ ಇವರು ಕಲ್ಲು ಹಿಡಿದರು. ಊಟದ ಹೊತ್ತಿನಲ್ಲಿ ನನಗೂ ಪಾಠ. "ನೋಡ್ ತಂಗಿ, ನೀರಾಗ ರವಾ, ಹಿಟ್ಟು ಕೂಡಿಸಿ ಕಲಸಿ ಬಿಡು. ರವಾ ಮೊದಲ ತಳಕ್ಕ ಕುಂದರ್ತತಿ, ಹಿಟ್ಟು ಆಮ್ಯಾಲೆ. ಇದೂ ಹಂಗ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದ ಇಲ್ಲಿ ಸಮುದ್ರ ಇತ್ತು. ಒಂದೊಂದು ಪದರ ಹಿಂಗ ಕುಂತೈತಿ." ಅಷ್ಟು ವರ್ಷ ಎಂದರೆ ಎಷ್ಟು ಎಂದು ಯೋಚಿಸಿದಾಗಲೆಲ್ಲ ನನಗೆ ಸಂಜೆಯ ಬಸ್ಸು ತಪ್ಪುತ್ತಿತ್ತು.

ಒಂದು ದಿನ ಬಾಕ್ಸೊಂದರ ತಳ ಕಳಚಿ ತುಂಡುಗಳೆಲ್ಲ ನೆಲದ ಮೇಲೆ ಉರುಳಿದವು. ಬಾಣ ಇನ್ನೂ ಬರೆದಿರಲಿಲ್ಲ. ಮುರಿದ ಬಾಯಿಗೆ ಬಾಯಿ ಕೂಡಿಸುತ್ತ ಜೋಡಿಸಿದೆ. ಗೇಣುದ್ದದ ಒಂದು ತುಂಡು ಮಾತ್ರ ಎರಡೂ ತುದಿ ಸವೆದು ನುಣ್ಣಗಾಗಿತ್ತು, ಹೇಗಿಟ್ಟರೂ ಕೂರುತ್ತಿತ್ತು. ಹೀಗಿಟ್ಟೆ, ಹಾಗಿಟ್ಟೆ, ಕೊನೆಗೆ ಬಾಣ ಬರೆದೆ. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಬಿದ್ದದ್ದನ್ನು ಹೇಳಲು ಹೆದರಿದೆ.

ಮರುದಿನ ಸರ್ ಅದೇ ತುಂಡನ್ನು ನೀರಲ್ಲಿ ಅದ್ದಿ, ಭೂತಗನ್ನಡಿ ಹಿಡಿದು ನೋಡಿ ಕೂಗಿಯೇಬಿಟ್ಟರು. "ರವಾ ಮ್ಯಾಲೆ, ಹಿಟ್ಟು ಕೆಳಗ! ಈ ಗುಡ್ಡ ಬೋರಲು ಬಿದ್ದೈತಿ ತಂಗಿ! ಎರಡು ನೆಲ ಒಂದಕ್ಕೊಂದು ಒತ್ತಿ ಮಡಿಚಿ ಹಾಕ್ಯಾವ!" ಶೆಡ್ಡಿನವರಿಗೆಲ್ಲ ಮಿರ್ಚಿ ಭಜಿ ತರಿಸಿದರು. ನಾನೂ ನಾಚಿಕೆಯಿಲ್ಲದೆ ಎರಡು ತಿಂದೆ. ಬೆಟ್ಟ ತಾನೇ ತಿರುಗಿತ್ತೋ, ನಾನು ತಿರುಗಿಸಿದ್ದೋ? ಇಪ್ಪತ್ತು ವರ್ಷವಾಯಿತು, ಗೊತ್ತಿಲ್ಲ.

ಪೇಂಟರ್ ಹೋದ ಮೇಲೆ ತಡೆಯಲಾಗಲಿಲ್ಲ. ನಿವೃತ್ತರಾಗಿ ಹೊಸಪೇಟೆಯಲ್ಲೇ ಇರುವ ಸರ್ ಮನೆಗೆ ಆಟೋ ಹಿಡಿದು ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಒಳಗೆ ಹೋಗಿ ಹಳೆಯ ನೋಟುಬುಕ್ಕು ಹುಡುಕಿ ತಂದು, ಬಾಡಿಗೆ ಕಾರಿಗೆ ಫೋನ್ ಮಾಡಿ, ಚಪ್ಪಲಿ ಮೆಟ್ಟಿದರು. "ನಡಿ, ನೋಡೇ ಬರೋಣು."

ಸಂಡೂರು ದಾಟಿ, ಬಂಡ್ರಿ ಕಡೆಯ ರಸ್ತೆಗೆಂದು ಗುಡ್ಡ ಕಡಿದಿದ್ದ ಜಾಗದಲ್ಲಿ ಕಾರು ನಿಲ್ಲಿಸಿದರು. ಮೊಣಕಾಲು ನೋವೆಂದು ಅವರು ಇಳಿಯಲಿಲ್ಲ. ನಾನೇ ಕಲ್ಲಿಗೆ ಬಾಟಲಿಯ ನೀರು ಚಿಮುಕಿಸಿ, ಬೆರಳಾಡಿಸಿ, ಕೂಗಿ ಹೇಳುತ್ತಾ ಹೋದೆ. ಪದರಗಳು ನೆಟ್ಟಗೆ ನಿಂತಿದ್ದವು. ಮೊದಲು ಎಡದಿಂದ ಬಲಕ್ಕೆ ರವೆಯಂಥ ಕಾಳು ಹೋಗಿ ಹಿಟ್ಟಿನಂಥ ನುಣುಪು ಬಂತು. ಹತ್ತು ಹೆಜ್ಜೆ ಮುಂದೆ ನುಣುಪು ಹೋಗಿ ರವೆ ಬಂತು. "ಸರ್, ಇಲ್ಲಿ ಎರಡೂ ದಿಕ್ಕಿನವು ಅದಾವ್ರಿ!"

"ನಡುವ ಮಡಿಕಿ ಐತಿ, ಅದಕ್ಕ," ಎಂದರು. "ಇಲ್ಲಿ ನೆಲ ಮಡಿಚಿದ್ದು ಖರೇ. ಮಡಿಚಿದ್ರ ಒಂದು ಮಗ್ಗಲು ಸೀದಾ, ಇನ್ನೊಂದು ಬೋರಲು. ಆದ್ರ ನಿನ್ನ ತುಂಡು ಮಡಿಕಿಯ ಯಾವ ಮಗ್ಗಲಿಂದು? ಹೇಳಾಕ ನಾವು ಬೋರ್ ಹಾಕಿದ ಗುಡ್ಡಾನ ಈಗ ಇಲ್ಲ, ಅಗದು ತಗದಾರ. ಆ ಕೋರ್ ಎಲ್ಲಿ ಚೆಲ್ಯಾರೋ. ಉಳಿದಾಕಿ ನೀ ಒಬ್ಬಾಕಿ. ನೆನಪು ಮಾಡ್ಕೋ."

ಕಣ್ಣು ಮುಚ್ಚಿದೆ. ಆ ತುಂಡಿನ ತಣ್ಣನೆಯ ಭಾರ ಅಂಗೈಗೆ ಬಂತು. ತಿರುಗಿಸಿದ್ದೂ ನೆನಪಾಯಿತು, ತಿರುಗಿಸದೆ ಇಟ್ಟದ್ದೂ ನೆನಪಾಯಿತು. "ಗೊತ್ತಾಗವಲ್ದು ಸರ್" ಎಂದೆ. ಅಳುತ್ತಲೇ ಕಾರಿನ ಬಳಿಗೆ ಬಂದೆ.

ಅವರು ನೋಟುಬುಕ್ಕು ತೆರೆದರು. ಆ ದಿನದ ಪುಟದಲ್ಲಿ 'ಬೋರಲು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಪೆನ್ನು ನನ್ನ ಕೈಗಿಟ್ಟು, "ಗೊತ್ತಿಲ್ಲ ಅಂತನ ಬರಿ. ನಿನ್ನ ಕೈಲೆ ಬರಿ," ಎಂದರು. ಕಾರಿನ ಬಾನೆಟ್ ಮೇಲಿಟ್ಟು ಬರೆದೆ: ಈ ತುಂಡು ಕೆಳಗೆ ಬಿದ್ದಿತ್ತು. ಯಾವ ತುದಿ ಮೇಲಿತ್ತೋ ನನಗೆ ಗೊತ್ತಿಲ್ಲ. ಸಹಿ ಮಾಡಿದೆ.

"ತಾರೀಖು ಹಾಕು," ಎಂದರು. ಪುಟದ ತಲೆಯ ಮೇಲಿದ್ದ ತಾರೀಖನ್ನೇ ನೋಡಿ ಬರೆಯಹೊರಟೆ.

"ಅದಲ್ಲ ತಂಗಿ. ಇವತ್ತಿಂದು ಹಾಕು."